ಗುಳೆ ಬಂದವರ ನಡುವೆ ನರ್ಸಿಂಗ್ ಸಂಶೋಧನೆ ಮಾಡುವುದು ಹೇಗೆ

ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳ ಗ್ರಂಥಾಲಯದಲ್ಲಿ ಎಂ.ಎಸ್ಸಿ. ಪ್ರಬಂಧಗಳ ಕಪಾಟಿನ ಮುಂದೆ ನಿಂತರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಶೀರ್ಷಿಕೆಗಳು ಸಾಲುಗಟ್ಟಿ ಕಾಣುತ್ತವೆ: ‘ಆಯ್ದ ಪ್ರದೇಶದ ತಾಯಂದಿರಲ್ಲಿ ಇಂಥ ವಿಷಯದ ಕುರಿತ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವ.’ ಮೊದಲು ಒಂದು ಪ್ರಶ್ನಾವಳಿ, ನಡುವೆ ಚಾರ್ಟು ಹಿಡಿದು ಮುಕ್ಕಾಲು ಗಂಟೆಯ ಪಾಠ, ಏಳು ದಿನ ಬಿಟ್ಟು ಮತ್ತದೇ ಪ್ರಶ್ನಾವಳಿ. ಅಂಕ ಏರಿರುತ್ತದೆ, ಏರದೆ ಇರಲು ಕಾರಣವೂ ಇಲ್ಲ. ಈ ಅಚ್ಚನ್ನು ವಲಸೆ ಕಾರ್ಮಿಕರ ಮೇಲೆ ಒತ್ತಿದಾಗ ತೀರ್ಮಾನ ಮೊದಲೇ ಬರೆದಿಟ್ಟಂತೆ ಹೊರಬೀಳುತ್ತದೆ: ಇವರಿಗೆ ತಿಳಿವಳಿಕೆ ಕಡಿಮೆ, ಅರಿವು ಮೂಡಿಸಬೇಕು. ಅದಕ್ಕಿಂತ ಬೇರೆ ದಾರಿ ಹಿಡಿಯಬೇಕೆಂದಿರುವ ವಿದ್ಯಾರ್ಥಿಗಳಿಗೆ, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಸಣ್ಣ ಅಧ್ಯಯನವೊಂದಕ್ಕೆ ಕೈಹಾಕುವ ದಾದಿಯರಿಗೆ ಈ ಬರಹ ನೆರವಾಗಬಹುದು. ಉದಾಹರಣೆಗೆಂದು ನನಗೆ ಹತ್ತಿರದಿಂದ ಗೊತ್ತಿರುವ ಸಂಗತಿಯನ್ನೇ ಇಟ್ಟುಕೊಂಡಿದ್ದೇನೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವ ಕುಟುಂಬಗಳ ಬಸುರಿ–ಬಾಣಂತಿಯರ ಆರೈಕೆಯೇ ಆ ಸಂಗತಿ. ನಿರಾಶ್ರಿತರ ವಿಚಾರಕ್ಕೆ ಕೊನೆಯಲ್ಲಿ ಟಿಬೆಟನ್ನರ ಶಿಬಿರವಿರುವ ಬೈಲಕುಪ್ಪೆಗೆ ಹೋಗೋಣ.

ಪ್ರಶ್ನೆ ಹುಟ್ಟಬೇಕಾದ ಜಾಗ

ಪ್ರಶ್ನೆಯನ್ನು ಗ್ರಂಥಾಲಯದಲ್ಲಿ ಹುಡುಕುವ ಮೊದಲು ಒಂದು ತಾಯಿ ಕಾರ್ಡನ್ನು ಓದಿ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ತಗಡಿನ ಶೆಡ್ಡುಗಳ ಸಾಲಿಗೆ ಹೋಗಿದ್ದಾಗ ತುಂಬು ಬಸುರಿಯೊಬ್ಬಳು ಸೂರಿನ ಬೊಂಬಿನ ಸಂದಿಯಿಂದ ಪ್ಲಾಸ್ಟಿಕ್ ಕವರೊಂದನ್ನು ಎಳೆದು ತೆಗೆದಳು. ಅದರಲ್ಲಿ ರೇಷನ್ ಕಾರ್ಡಿನ ಜೆರಾಕ್ಸ್, ಮುಂಗಡ ಹಣದ ಲೆಕ್ಕದ ಚೀಟಿ ಮತ್ತು ತಾಯಿ ಕಾರ್ಡ್ ಇದ್ದವು. ಮೂರನೇ ತಿಂಗಳಲ್ಲಿ ಊರಿನ ಉಪಕೇಂದ್ರದವರು ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆದಿದ್ದರು. ಐದನೇ ತಿಂಗಳಲ್ಲಿ ಬೆಂಗಳೂರಿನ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಮೊಹರು ಬಿದ್ದಿತ್ತು. ಅಲ್ಲಿಂದ ಎಂಟನೇ ತಿಂಗಳವರೆಗೆ ಕಾರ್ಡಿನ ಅಂಕಣಗಳು ಖಾಲಿ. ಕಾರಣ ಕೇಳಿದೆವು. ಕಟ್ಟಡದ ಕೆಲಸ ಮುಗಿದು ಮೇಸ್ತ್ರಿ ಅವರನ್ನು ಬೆಂಗಳೂರಿನ ಇನ್ನೊಂದು ಮೂಲೆಗೆ ಸಾಗಿಸಿದ್ದ. ಹೊಸ ಜಾಗದಲ್ಲಿ ‘ನಿನ್ನ ಹೆಸರು ಆ ಏರಿಯಾದಾಗ ಐತಿ’ ಎಂಬ ಉತ್ತರ ಸಿಕ್ಕಿತ್ತು. ಕಬ್ಬಿಣಾಂಶದ ಮಾತ್ರೆ ಯಾಕೆ ನುಂಗಬೇಕು, ತಪಾಸಣೆ ಎಷ್ಟು ಸಲ ಆಗಬೇಕು ಎಂಬುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ನಮ್ಮ ಪ್ರಶ್ನಾವಳಿ ಕೊಟ್ಟಿದ್ದರೆ ನೂರಕ್ಕೆ ತೊಂಬತ್ತು ಅಂಕ ತೆಗೆಯುತ್ತಿದ್ದಳು, ಆದರೂ ಆ ಮೂರು ತಿಂಗಳು ಖಾಲಿಯೇ ಇರುತ್ತಿತ್ತು.

ಆದ್ದರಿಂದ ಅಧ್ಯಯನದ ಘಟಕ ಆ ಹೆಣ್ಣುಮಗಳ ತಲೆಯೊಳಗಿನ ಜ್ಞಾನವಲ್ಲ. ಒಂದು ಊರಿನ ರಿಜಿಸ್ಟರಿನಿಂದ ಇನ್ನೊಂದು ಊರಿನ ರಿಜಿಸ್ಟರಿಗೆ ಹೋಗುವ ದಾರಿಯಲ್ಲಿ ಆರೈಕೆ ಕಡಿದುಹೋಗುವ ಜಾಗ. ಇದನ್ನು ಗುರುತಿಸುವುದಕ್ಕೆ ದಾದಿಗಿಂತ ಹೆಚ್ಚು ತಕ್ಕವರು ಯಾರೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ರೋಗಿಯನ್ನು ಒಪ್ಪಿಸುವಾಗ ಏನೇನು ಸೋರಿಹೋಗುತ್ತದೆ ಎಂಬುದನ್ನು ನಾವು ದಿನಕ್ಕೆ ಮೂರು ಸಲ ಕಾಣುವವರು.

ಆರೋಗ್ಯ ಸಮತೆ ಎಂಬ ಮಾತಿಗೆ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ತಜ್ಞೆ ಮಾರ್ಗರೆಟ್ ವೈಟ್‌ಹೆಡ್ 1990ರ ಹೊತ್ತಿಗೆ ಕೊಟ್ಟ ವಿವರಣೆ ಈಗಲೂ ಕೆಲಸಕ್ಕೆ ಬರುತ್ತದೆ: ತಪ್ಪಿಸಬಹುದಾದ, ಅನಗತ್ಯವಾದ ಮತ್ತು ಅನ್ಯಾಯದ ವ್ಯತ್ಯಾಸವೇ ಅಸಮತೆ. ಎಲ್ಲರಿಗೂ ಒಂದೇ ರೀತಿ ಕೊಟ್ಟ ಮಾತ್ರಕ್ಕೆ ಸಮತೆ ಬರುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ–ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಉಣ್ಣುವಂತೆ ರೂಪುಗೊಂಡಿತು. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಅಂಗನವಾಡಿ ಸಿಗುವವಳಿಗೂ, ಮಧ್ಯಾಹ್ನ ಒಂದು ಗಂಟೆಗೆ ನಾಲ್ಕನೇ ಅಂತಸ್ತಿನಲ್ಲಿ ಇಟ್ಟಿಗೆ ಹೊರುತ್ತಿರುವವಳಿಗೂ ಆ ತಟ್ಟೆ ಒಂದೇ ದೂರದಲ್ಲಿಲ್ಲ. ಪ್ರತಿ ತಿಂಗಳ 9ನೇ ತಾರೀಕಿನಂದು ನಡೆಯುವ ಗರ್ಭಿಣಿಯರ ತಪಾಸಣೆಯೂ ಹಾಗೆಯೇ. ಅದು ಉಚಿತ ನಿಜ, ಆದರೆ ದಿನಗೂಲಿಯವಳು ಅದಕ್ಕೆ ಒಂದು ದಿನದ ಕೂಲಿಯನ್ನು ತೆರುತ್ತಾಳೆ.

ಹೀಗೆ ನೋಡಿದಾಗ ಪ್ರಶ್ನೆಯ ರೂಪ ಬದಲಾಗುತ್ತದೆ. ‘ವಲಸೆ ತಾಯಂದಿರ ಜ್ಞಾನಮಟ್ಟ ಎಷ್ಟು’ ಎಂಬುದರ ಬದಲು, ‘ಬಸುರಿನ ಅವಧಿಯಲ್ಲಿ ಒಮ್ಮೆಯಾದರೂ ಜಾಗ ಬದಲಿಸಿದವರಲ್ಲಿ ಎಷ್ಟು ಮಂದಿಗೆ ನಾಲ್ಕು ತಪಾಸಣೆಗಳು ಪೂರ್ಣವಾದವು, ಅದೇ ವಾರ್ಡಿನಲ್ಲಿ ನೆಲೆಸಿರುವ ಬಡ ಕುಟುಂಬಗಳಲ್ಲಿ ಎಷ್ಟು, ತಪ್ಪಿದ್ದು ಯಾವ ಹಂತದಲ್ಲಿ’ ಎಂದು ಕೇಳಿ. ‘ಅದೇ ವಾರ್ಡಿನ ಬಡವರು’ ಎಂಬ ಮಾತನ್ನು ಬಿಡಬೇಡಿ. ಹೋಲಿಕೆಯ ಗುಂಪಿಲ್ಲದೆ ಸಮತೆಯ ಅಧ್ಯಯನ ಆಗುವುದೇ ಇಲ್ಲ. ವಲಸಿಗರನ್ನು ನಗರದ ಮಧ್ಯಮ ವರ್ಗದೊಂದಿಗೆ ಹೋಲಿಸಿದರೆ ನೀವು ಅಳೆದದ್ದು ಬಡತನವನ್ನು, ವಲಸೆಯನ್ನಲ್ಲ.

ವಲಸಿಗರು ಎಂದರೆ ಯಾರು

ಅಧ್ಯಯನಕ್ಕೆ ಮುಂಚೆ ಬರೆದುಕೊಡುವ ಸಿನಾಪ್ಸಿಸ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಈ ಭಾಗವೇ ಮುಂದೆ ಇಡೀ ಅಧ್ಯಯನವನ್ನು ಕೆಡಿಸುವುದುಂಟು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದಾರೆ. ಹುಟ್ಟೂರು ಅಥವಾ ಹಿಂದೆ ವಾಸವಿದ್ದ ಊರು ಬದಲಾಗಿದ್ದರೆ ಆ ಲೆಕ್ಕಕ್ಕೆ ಸಾಕು, ಹಾಗಾಗಿ ಅವರಲ್ಲಿ ಬಹುದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಬಂದ ಹೆಣ್ಣುಮಕ್ಕಳದು. ಸುಗ್ಗಿ ಮುಗಿಸಿ ಗುಳೆ ಬಂದು ಮುಂಗಾರಿಗೆ ಮರಳುವವರು ಅದೇ ಲೆಕ್ಕದಲ್ಲಿ ಸರಿಯಾಗಿ ಸಿಗುವುದಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಹೆಸರೇ ಹೇಳುವಂತೆ ರಾಜ್ಯದ ಗಡಿ ದಾಟಿದವರನ್ನು ಕುರಿತದ್ದಾಗಿತ್ತು. ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದವರು ಅದರ ವ್ಯಾಖ್ಯೆಗೆ ಬರುತ್ತಿದ್ದರು, ಐನೂರು ಕಿಲೋಮೀಟರ್ ದೂರದ ಸುರಪುರದಿಂದ ಬಂದವರು ಬರುತ್ತಿರಲಿಲ್ಲ.

ಆದುದರಿಂದ ನಿಮ್ಮ ವ್ಯಾಖ್ಯೆಯನ್ನು ನೀವೇ ಕಟ್ಟಬೇಕು, ಅಳೆಯಬಹುದಾದ ಮಾತುಗಳಲ್ಲಿ ಕಟ್ಟಬೇಕು. ಉದಾಹರಣೆಗೆ, ‘ಕಳೆದ ಹನ್ನೆರಡು ತಿಂಗಳಲ್ಲಿ ಕೂಲಿ ಕೆಲಸಕ್ಕಾಗಿ ತನ್ನ ತಾಲ್ಲೂಕಿನ ಹೊರಗೆ ಒಟ್ಟು ಮೂವತ್ತು ದಿನಕ್ಕಿಂತ ಹೆಚ್ಚು ತಂಗಿದ, ಊರಿನಲ್ಲಿ ಮನೆ ಅಥವಾ ರೇಷನ್ ಕಾರ್ಡ್ ಉಳಿಸಿಕೊಂಡಿರುವ ಕುಟುಂಬ’ ಎಂದು ಬರೆದರೆ ಕ್ಷೇತ್ರದಲ್ಲಿ ವಾದಕ್ಕೆ ಎಡೆಯಿಲ್ಲ. ಅದರ ಜೊತೆಗೆ ಇನ್ನೊಂದು ಅಂಕಣ ಸೇರಿಸಿ: ಹೆರಿಗೆಗೆ ತವರಿಗೆ ಹೋಗುವುದು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ರೂಢಿಯಾದ್ದರಿಂದ, ವಲಸೆ ಬಾರದವಳ ಕಾರ್ಡಿನಲ್ಲೂ ಎರಡು ಊರುಗಳಿರುತ್ತವೆ. ಅದನ್ನು ಪ್ರತ್ಯೇಕವಾಗಿ ಬರೆದುಕೊಳ್ಳದಿದ್ದರೆ ತವರಿನ ದೂರವನ್ನು ಗುಳೆಯ ತಪ್ಪೆಂದು ಎಣಿಸಿಬಿಡುತ್ತೀರಿ.

ಪಟ್ಟಿಯಿಲ್ಲದ ಜನರಿಂದ ಮಾದರಿ

ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಯ ಡೈರಿಯೇ ನಿಮ್ಮ ಪಟ್ಟಿ. ಕಟ್ಟಡದ ಶೆಡ್ಡುಗಳಿಗೆ ಅಂಥ ಪಟ್ಟಿಯಿಲ್ಲ, ಇದ್ದರೂ ಮೂರು ತಿಂಗಳಿಗೆ ಹಳತಾಗುತ್ತದೆ. ಇಲ್ಲಿ ಜನರ ಬದಲು ಜಾಗ ಮತ್ತು ಹೊತ್ತುಗಳ ಪಟ್ಟಿ ಮಾಡಬೇಕು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಲೇಬರ್ ಸ್ಟ್ಯಾಂಡ್, ಸಂಜೆ ಆರೂವರೆಯ ನಂತರ ಶೆಡ್ಡುಗಳ ಸಾಲು, ನೀರಿನ ಟ್ಯಾಂಕರ್ ಬರುವ ಹೊತ್ತು, ಬಟವಾಡೆಯ ಮಾರನೆಯ ದಿನದ ಸಂತೆ, ಹೀಗೆ ಆಯ್ದ ಪ್ರದೇಶವನ್ನು ಎರಡು ವಾರ ಕಾಲ್ನಡಿಗೆಯಲ್ಲಿ ಸುತ್ತಿ ನಕ್ಷೆ ಬರೆದು, ಆ ಜಾಗ–ಹೊತ್ತುಗಳ ಚೀಟಿಯೆತ್ತಿ, ಬಂದ ಚೀಟಿಯ ಪ್ರಕಾರ ಹೋಗಿ ಮಾತಾಡಿಸಬೇಕು. ಪರಿಚಯದವರಿಂದ ಪರಿಚಯದವರಿಗೆ ಸಾಗುವ ಮಾದರಿಯೂ ಉಂಟು. ಮನೆಗೆಲಸದವರಂತೆ ಒಂಟಿಯಾಗಿ ಚದುರಿಹೋದವರಿಗೆ ಅದು ಒಗ್ಗುತ್ತದೆ, ಆದರೆ ಶೆಡ್ಡುಗಳಲ್ಲಿ ಅದು ಒಂದೇ ಊರಿನ, ಒಂದೇ ಜಾತಿಯ ನಂಟರ ಸುತ್ತಲೇ ಗಿರಕಿ ಹೊಡೆಯುತ್ತದೆ.

ಮಾದರಿಯ ಗಾತ್ರವನ್ನು ‘ಅರವತ್ತು’ ಎಂದು ಕಣ್ಣುಮುಚ್ಚಿ ಬರೆಯುವ ಚಾಳಿ ನಮ್ಮಲ್ಲಿದೆ. ಲೆಕ್ಕ ಅಂಥ ಕಷ್ಟದ್ದೇನಲ್ಲ. ನಾಲ್ಕು ತಪಾಸಣೆ ಪೂರ್ಣವಾದವರ ಪ್ರಮಾಣ ಎಷ್ಟೆಂದು ಮೊದಲೇ ಗೊತ್ತಿಲ್ಲದಿದ್ದಾಗ ಶೇ. 50 ಎಂದು ಹಿಡಿದು, ಹತ್ತು ಶೇಕಡಾ ಅಂಶಗಳ ಆಚೀಚೆ ಅಂದಾಜು ಸಾಕೆಂದುಕೊಂಡರೆ, ಶೇ. 95ರ ವಿಶ್ವಾಸಮಟ್ಟದಲ್ಲಿ 96 ಮಂದಿ ಬೇಕು. ಒಂದೇ ಮೇಸ್ತ್ರಿಯ ಕೈಕೆಳಗಿನವರ ಅನುಭವ ಒಂದೇ ಥರ ಇರುವ ಕಾರಣ ಗುಂಪು ಮಾದರಿಗೆ ಅದನ್ನು ಎರಡರಿಂದ ಗುಣಿಸಿದರೆ 192. ಐದರಲ್ಲಿ ಒಬ್ಬರು ನಡುವೆ ಜಾಗ ಬಿಟ್ಟು ಹೋಗುತ್ತಾರೆಂದು ಎಣಿಸಿದರೆ 240. ಇದು ವಲಸೆ ಗುಂಪಿನ ಅಂದಾಜಿಗೆ ಮಾತ್ರ. ಹೋಲಿಕೆಯ ಗುಂಪಿನಿಂದಲೂ ಬೇರೆಯಾಗಿ ಮಾದರಿ ಬೇಕಾಗುತ್ತದೆ. ಒಬ್ಬ ವಿದ್ಯಾರ್ಥಿನಿಗೆ ಅದು ಹೆಚ್ಚಾಗುವುದಾದರೆ ಗಾತ್ರವನ್ನು ಸುಮ್ಮನೆ ಕತ್ತರಿಸುವ ಬದಲು ವಿಧಾನವನ್ನೇ ಬದಲಿಸಿ, ಹದಿನೈದು ತಾಯಿ ಕಾರ್ಡುಗಳ ಜಾಡನ್ನು ಹಿಡಿದು ಆಳವಾದ ಗುಣಾತ್ಮಕ ಅಧ್ಯಯನ ಮಾಡುವುದು ಹೆಚ್ಚು ಪ್ರಾಮಾಣಿಕ.

ಋತುವನ್ನೂ ಮರೆಯಬಾರದು. ಯುಗಾದಿ, ಊರಿನ ಜಾತ್ರೆ, ಮೊಹರಂ, ಬಿತ್ತನೆಯ ಮುಂಗಾರು, ಈ ದಿನಗಳಲ್ಲಿ ಶೆಡ್ಡುಗಳು ಬಣಗುಟ್ಟುತ್ತವೆ. ಹೋಗದೆ ಉಳಿದವರು ಸಾಲ ತೀರದವರೋ, ಊರಲ್ಲಿ ನೆಲೆಯಿಲ್ಲದವರೋ ಆಗಿರುತ್ತಾರೆ. ಅವರನ್ನಷ್ಟೇ ಅಳೆದು ‘ವಲಸಿಗರು’ ಎಂದು ಬರೆಯಲಾಗದು. ಮತ್ತೆ ಭೇಟಿಯಾಗಬೇಕಾದ ಅಧ್ಯಯನವಾದರೆ ಎರಡು ಫೋನ್ ನಂಬರು ಪಡೆಯಿರಿ. ಒಂದು ಇಲ್ಲಿಯದು, ಇನ್ನೊಂದು ಊರಿನಲ್ಲಿ ಬದಲಾಗದೆ ಉಳಿಯುವವರದು. ಫೋನು ಗಂಡನ ಜೇಬಿನಲ್ಲಿರುವುದೇ ಹೆಚ್ಚಾದ್ದರಿಂದ, ಬೇರೆಯವರು ಎತ್ತಿದರೆ ಏನು ಹೇಳಬೇಕೆಂದು ಆಕೆಯನ್ನೇ ಮೊದಲು ಕೇಳಿ ಬರೆದಿಟ್ಟುಕೊಳ್ಳಿ.

ಸಮ್ಮತಿ ಮತ್ತು ಭಯ

ನನ್ನ ಮೊದಲ ಪೈಲಟ್ (ಪ್ರಾಯೋಗಿಕ) ಅಧ್ಯಯನ ಪೂರ್ತಿ ವ್ಯರ್ಥವಾಯಿತು. ನಿವೇಶನದ ಮಾಲೀಕರ ಅನುಮತಿ ಪಡೆದು ಹೋಗಿದ್ದೆವು, ಮೇಸ್ತ್ರಿ ಬಹಳ ಮುತುವರ್ಜಿಯಿಂದ ಕುರ್ಚಿ ಹಾಕಿಸಿ ಒಬ್ಬೊಬ್ಬರನ್ನೇ ಕರೆಸಿದ. ಅಂದು ಮಾತಾಡಿಸಿದ ಅಷ್ಟೂ ಮಂದಿ ‘ಏನೂ ತೊಂದರಿ ಇಲ್ರಿ, ಆಸ್ಪತ್ರೆಗೆ ಹೋಗಾಕ ರಜಾ ಕೊಡ್ತಾರ’ ಎಂದರು. ಅವನು ಹತ್ತು ಅಡಿ ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಒಳಗೆ ಕಾಲಿಡಲು ಮೇಸ್ತ್ರಿಯ ಅನುಮತಿ ಬೇಕು, ಅದು ಕಾರ್ಮಿಕಳ ಸಮ್ಮತಿಗೆ ಬದಲಿಯಲ್ಲ. ಈ ಎರಡನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಪಡೆಯಿರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ವಲಸಿಗರನ್ನೂ ನಿರಾಶ್ರಿತರನ್ನೂ ವಿಶೇಷ ರಕ್ಷಣೆ ಬೇಕಾದ ಗುಂಪುಗಳಲ್ಲಿ ಎಣಿಸುತ್ತವೆ. ಓದುಬರಹ ಬಾರದವರಿಗೆ ಪೂರ್ತಿ ಓದಿ ಹೇಳಿ, ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿಗೆ ಹೆಬ್ಬೆಟ್ಟು ಪಡೆಯಬೇಕು. ಮೇಸ್ತ್ರಿ ಸಾಕ್ಷಿಯಾಗಲಾರ, ಅತ್ತೆಯೂ ಬೇಡ. ಪಕ್ಕದ ಶೆಡ್ಡಿನ, ಆಕೆಯೇ ಆರಿಸಿದ ಗೆಳತಿಯಾದರೆ ಒಳ್ಳೆಯದು. ಹೆಬ್ಬೆಟ್ಟು ಎಂದೊಡನೆ ಸಾಲದ ಪತ್ರ ನೆನಪಾಗುವ ಜನರಿವರು, ಅದನ್ನು ತಿಳಿದು ‘ಇದು ದುಡ್ಡಿನ ಕಾಗದವಲ್ಲ’ ಎಂದು ಬಾಯಿಬಿಟ್ಟು ಹೇಳಿ. ಸಮವಸ್ತ್ರ ತೊಟ್ಟು ಹೋದರೆ ಬಾಗಿಲು ಬೇಗ ತೆರೆಯುತ್ತದೆ, ಆದರೆ ಸರ್ಕಾರಿ ಆಸ್ಪತ್ರೆಯವರು ಬಂದರೆಂದು ಉತ್ತರಗಳು ಸೌಜನ್ಯಕ್ಕೆ ತಿರುಗುತ್ತವೆ. ನಾನು ಸಾದಾ ಸೀರೆಯಲ್ಲಿ, ಕೊರಳಲ್ಲಿ ಕಾಲೇಜಿನ ಗುರುತುಚೀಟಿಯೊಂದಿಗೆ ಹೋಗುವುದನ್ನು ರೂಢಿಸಿಕೊಂಡೆ.

ಗುರುತಿನ ದಾಖಲೆ ಕೇಳಬೇಡಿ, ಆಧಾರ್ ಸಂಖ್ಯೆ ಬರೆದುಕೊಳ್ಳಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ಬಾಂಗ್ಲಾದೇಶದವರಿದ್ದಾರೆಂಬ ಅನುಮಾನದ ಮೇಲೆ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಬಂಗಾಳಿ ಮಾತಾಡುವ ಕುಟುಂಬಗಳಂತೂ ‘ನಿಮ್ಮದು ಯಾವ ಊರು’ ಎಂಬ ಸರಳ ಪ್ರಶ್ನೆಗೇ ಮುದುಡಿಕೊಳ್ಳುತ್ತವೆ. ನಿಮ್ಮ ಪ್ರಶ್ನೆಗೆ ಜಿಲ್ಲೆಯ ಹೆಸರು ನಿಜವಾಗಿ ಬೇಕೇ, ಅಥವಾ ‘ರಾಜ್ಯದೊಳಗೆ / ರಾಜ್ಯದ ಹೊರಗೆ’ ಎಂದರೆ ಸಾಕೇ ಎಂದು ಯೋಚಿಸಿ. ಬಡಾವಣೆಯ ಹೆಸರನ್ನೂ ವರದಿಯಲ್ಲಿ ಬಿಡಬಹುದು.

ಇನ್ನೊಂದು ಮುಳ್ಳಿನ ವಿಷಯ ವಯಸ್ಸು. ಹದಿನೆಂಟು ತುಂಬದವಳು ಬಸುರಿಯಾಗಿರುವುದು ನಿಮಗೆ ತಿಳಿದರೆ, ಪೋಕ್ಸೊ ಕಾಯ್ದೆಯ 19ನೇ ಕಲಮು ಅದನ್ನು ವರದಿ ಮಾಡುವ ಹೊಣೆಯನ್ನು ತಿಳಿದವರ ಮೇಲೆ ಹೊರಿಸುತ್ತದೆ. ಸಮ್ಮತಿ ಪತ್ರದಲ್ಲಿ ‘ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ’ ಎಂದು ಬರೆದು, ಆಮೇಲೆ ಠಾಣೆಗೆ ತಿಳಿಸುವುದು ದ್ರೋಹ, ತಿಳಿಸದಿರುವುದು ಅಪರಾಧ. ಆದ್ದರಿಂದ ಕ್ಷೇತ್ರಕ್ಕೆ ಇಳಿಯುವ ಮೊದಲೇ ನೈತಿಕ ಸಮಿತಿಯೊಂದಿಗೆ ಕೂತು ತೀರ್ಮಾನಿಸಿ, ಗೌಪ್ಯತೆಯ ಮಿತಿಯನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿರಿ. ಹದಿನೆಂಟು ಮೇಲ್ಪಟ್ಟವರನ್ನು ಮಾತ್ರ ಸೇರಿಸುವುದಾದರೆ, ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ಹುಡುಗಿಯರು ನಿಮ್ಮ ಅಂಕಿಗಳ ಹೊರಗುಳಿದರು ಎಂಬುದನ್ನು ವರದಿಯ ಮಿತಿಗಳಲ್ಲಿ ಒಪ್ಪಿಕೊಳ್ಳಿ.

ಮಾತುಕತೆಯ ನಡುವೆ ಕಾಲು ಊದಿದ, ತಲೆನೋವೆನ್ನುವ ಬಸುರಿ ಎದುರಾದರೆ ಪ್ರಶ್ನಾವಳಿಯನ್ನು ಮಡಚಿಡಿ. ರಕ್ತದೊತ್ತಡ 160/110 ತೋರಿಸುತ್ತಿರುವಾಗ ಇಪ್ಪತ್ತಮೂರನೇ ಪ್ರಶ್ನೆ ಕೇಳುವುದು ಸಂಶೋಧನೆಯಲ್ಲ. ಹತ್ತಿರದ ಹೆರಿಗೆ ಆಸ್ಪತ್ರೆ ಯಾವುದು, ರಾತ್ರಿ ಯಾರು ಕರ್ತವ್ಯದಲ್ಲಿರುತ್ತಾರೆ, 108 ವಾಹನ ಆ ಓಣಿಯೊಳಗೆ ಬರುತ್ತದೆಯೇ ಎಂಬುದು ಮೊದಲ ದಿನಕ್ಕೆ ಮುನ್ನವೇ ಗೊತ್ತಿರಬೇಕು.

ಭಾಷೆಯ ಬಲೆ

ಕನ್ನಡದಿಂದ ಕನ್ನಡಕ್ಕೂ ಅನುವಾದ ಬೇಕಾಗುತ್ತದೆ ಎಂದು ನನಗೆ ತಿಳಿದದ್ದು ಶೆಡ್ಡುಗಳಲ್ಲಿ. ‘ಮಗುವಿಗೆ ಲಸಿಕೆ ಹಾಕಿಸಿದ್ದೀರಾ’ ಎಂದರೆ ‘ಹೌದ್ರಿ, ಹಾಕ್ಸೀವಿ’ ಎಂಬ ಉತ್ತರ ಬರುತ್ತದೆ. ಮುಂದಕ್ಕೆ ಕೆದಕಿದರೆ ಅದು ಪೋಲಿಯೊ ಭಾನುವಾರದ ಎರಡು ಹನಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ ಚುಚ್ಚುಮದ್ದು ಅವರ ಮಾತಿನಲ್ಲಿ ‘ಸೂಜಿ’. ‘ತೊಡಿಗೆ ಸೂಜಿ ಮಾಡಿಸಿದ್ರಿ?’ ಎಂದು ಕೇಳಿ, ಕಾರ್ಡು ನೋಡಿ ಹೊಂದಿಸಿದ ಮೇಲೆಯೇ ಹೌದು–ಇಲ್ಲ ಎಂದು ಗುರುತು ಹಾಕಬೇಕು. ಹೆರಿಗೆ ಎನ್ನುವ ಬದಲು ಹಡೆಯುವುದು, ಗರ್ಭಿಣಿ ಎನ್ನುವ ಬದಲು ಬಸುರಿ ಎಂದರೆ ಮಾತು ಸಲೀಸಾಗುತ್ತದೆ. ಪ್ರಶ್ನಾವಳಿಯನ್ನು ತಜ್ಞರ ಬಳಿ ಮೌಲ್ಯೀಕರಿಸಿ ತರುವುದು ಸರಿ, ಆದರೆ ಅದಕ್ಕೂ ಮೊದಲು ಆ ಕಡೆಯ ಐದಾರು ಹೆಂಗಸರ ಮುಂದೆ ಓದಿ, ‘ಇದರಲ್ಲಿ ನಾನು ಏನು ಕೇಳಿದೆ ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಬೇಕು.

ಹಿಂದಿ, ಬಂಗಾಳಿ, ಒಡಿಯಾ ಆದರೆ ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಹಿಂದಕ್ಕೆ ಅನುವಾದಿಸಿ ಹೋಲಿಸುವುದು ಎಂದಿನ ಕ್ರಮ. ಏಳನೇ ತರಗತಿ ಓದುವ ಮಗಳನ್ನು ದುಭಾಷಿಯಾಗಿ ಕೂರಿಸುವುದು ಮಾತ್ರ ಎಂದಿಗೂ ಬೇಡ, ತಾಯಿ ಗರ್ಭಪಾತದ ಮಾತನ್ನು ಅವಳ ಮೂಲಕ ಆಡಲಾರಳು. ಮಂಗಳೂರಿನಿಂದ ಗಲ್ಫಿಗೆ ಹೋಗಿ ಅರಬಿ ಬಾರದೆ ವಾರ್ಡಿನಲ್ಲಿ ಕೈಸನ್ನೆ ಮಾಡುತ್ತ ಮೊದಲ ತಿಂಗಳು ಕಳೆದ ನಮ್ಮ ಎಷ್ಟೋ ಸಹೋದ್ಯೋಗಿಗಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಅಂಕಿಗಳನ್ನು ಓದುವುದು

ಉದಾಹರಣೆಗೆ, ನೆಲೆಸಿದವರಲ್ಲಿ ನೂರಕ್ಕೆ 80, ವಲಸೆ ಬಂದವರಲ್ಲಿ ನೂರಕ್ಕೆ 50 ಮಂದಿಗೆ ನಾಲ್ಕು ತಪಾಸಣೆ ಆಗಿದೆ ಎಂದುಕೊಳ್ಳಿ. ಅಂತರ ಮೂವತ್ತು ಅಂಶ, ಅನುಪಾತ 0.63. ಎರಡನ್ನೂ ಬರೆಯಬೇಕು, ಒಂದೊಂದನ್ನೇ ಕೊಟ್ಟರೆ ಓದುಗರು ದಾರಿ ತಪ್ಪುತ್ತಾರೆ. ಆಮೇಲೆ ವಲಸೆ ಗುಂಪನ್ನೇ ಒಡೆದು ನೋಡಿ. ಬಸುರಿನಲ್ಲಿ ಜಾಗ ಬದಲಿಸದವರು, ಒಮ್ಮೆ ಬದಲಿಸಿದವರು, ಎರಡು ಅಥವಾ ಹೆಚ್ಚು ಸಲ ಬದಲಿಸಿದವರು ಎಂಬ ಮೂರು ಸಾಲುಗಳಲ್ಲಿ ಪ್ರಮಾಣ ಮೆಟ್ಟಿಲಿನಂತೆ ಇಳಿದರೆ, ಕೊರತೆ ಜ್ಞಾನದ್ದಲ್ಲ, ಹಸ್ತಾಂತರದ್ದು ಎಂದು ಹೇಳಲು ನಿಮಗೆ ಆಧಾರ ಸಿಕ್ಕಿತು. ಇಳಿಯದಿದ್ದರೆ ನನ್ನ ವಾದ ನಿಮ್ಮ ವಾರ್ಡಿನಲ್ಲಿ ತಪ್ಪು, ಅದನ್ನೂ ಹಾಗೆಯೇ ಬರೆಯಿರಿ.

ಬೈಲಕುಪ್ಪೆಯಲ್ಲಿ ಪ್ರಶ್ನೆ ಬೇರೆ

ನಿರಾಶ್ರಿತರು ಎಂದರೆ ಕರ್ನಾಟಕದ ದಾದಿಗೆ ಮೊದಲು ನೆನಪಾಗಬೇಕಾದವರು ಟಿಬೆಟನ್ನರು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲವಾದರೂ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿ ಅವರಿಗೆ ನೆಲ ಸಿಕ್ಕಿತು. ಶೆಡ್ಡುಗಳಿಗೆ ಬರೆದ ಪ್ರಶ್ನಾವಳಿಯನ್ನು ಇಲ್ಲಿಗೆ ಹೊತ್ತೊಯ್ಯುವುದು ಅರ್ಥಹೀನ. ಇವರಿಗೆ ಶಿಬಿರದ ಪಟ್ಟಿಯಿದೆ, ತಮ್ಮದೇ ಆರೋಗ್ಯ ಕೇಂದ್ರಗಳಿವೆ, ಟಿಬೆಟನ್ ವೈದ್ಯ ಪದ್ಧತಿಯ ಚಿಕಿತ್ಸಾಲಯಗಳಿವೆ. ಇಲ್ಲಿನ ಪ್ರಶ್ನೆಗಳು ಬೇರೆ: ಮಠಗಳ, ಶಾಲೆಗಳ ವಸತಿಯಲ್ಲಿ ಒತ್ತಾಗಿ ಬದುಕುವವರಲ್ಲಿ ಕ್ಷಯ, ಉಪ್ಪು ಬೆರೆಸಿದ ಬೆಣ್ಣೆ ಚಹಾ ಕುಡಿಯುವ ಹಿರಿಯರ ರಕ್ತದೊತ್ತಡ, ಮಕ್ಕಳು ವಿದೇಶಕ್ಕೆ ಹೋದ ಮೇಲೆ ಒಬ್ಬೊಬ್ಬರೇ ಉಳಿದ ಮುದುಕರ ಆರೈಕೆ. ಎರಡು ಔಷಧ ಪದ್ಧತಿಗಳನ್ನು ಒಟ್ಟಿಗೆ ಬಳಸುವವರು ಯಾವುದನ್ನು ಯಾವಾಗ ನಿಲ್ಲಿಸುತ್ತಾರೆ ಎಂಬುದೊಂದೇ ಒಳ್ಳೆಯ ಪ್ರಬಂಧಕ್ಕೆ ಸಾಕು.

ಅನುಮತಿ ಶಿಬಿರದ ಆಡಳಿತದ ಮೂಲಕವೇ ಆಗಬೇಕು. ತಂಡದಲ್ಲಿ ವಿದೇಶಿ ಪ್ರಜೆಗಳಿದ್ದರೆ ಶಿಬಿರದಲ್ಲಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು, ಅದಕ್ಕೆ ಹಿಡಿಯುವ ತಿಂಗಳುಗಳನ್ನು ವೇಳಾಪಟ್ಟಿಯಲ್ಲಿ ಸೇರಿಸಿ. ನಮ್ಮ ಕಾಲೇಜುಗಳಲ್ಲೇ ಓದಿ ಮೈಸೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುವ ಟಿಬೆಟನ್ ದಾದಿಯರಿದ್ದಾರೆ. ಅವರನ್ನು ದುಭಾಷಿಯೆಂದಲ್ಲದೆ ಸಹ ಸಂಶೋಧಕಿಯೆಂದು ಕರೆದುಕೊಳ್ಳಿ, ಹೆಸರನ್ನೂ ಹಾಗೆಯೇ ಹಾಕಿ.

ವರದಿ ಯಾರ ಕೈಗೆ

ಪ್ರಬಂಧಕ್ಕೆ ಸಮೀಕ್ಷೆಯಾದರೆ ಸ್ಟ್ರೋಬ್‌ನ 22 ಅಂಶಗಳ ಪಟ್ಟಿ, ಸಂದರ್ಶನಗಳಾದರೆ ಕೋರೆಕ್‌ನ 32 ಅಂಶಗಳ ಪಟ್ಟಿ (ವರದಿಯಲ್ಲಿ ಏನೇನಿರಬೇಕೆಂದು ಹೇಳುವ ತಾಳೆಪಟ್ಟಿಗಳಿವು) ಮುಂದಿಟ್ಟುಕೊಂಡು ಬರೆದರೆ ಪರೀಕ್ಷಕರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಅದು ವಿಶ್ವವಿದ್ಯಾಲಯಕ್ಕೆ. ಅದರ ಹೊರತಾಗಿ ಒಂದೇ ಪುಟದ ಇನ್ನೊಂದು ಹಾಳೆ ಬರೆದು ಆ ವಾರ್ಡಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ಕೈಗೆ ಕೊಡಿ. ಆ ಹಾಳೆಯಲ್ಲಿ ಪಿ ಮೌಲ್ಯದಂಥ ಸಂಖ್ಯಾಶಾಸ್ತ್ರದ ಲೆಕ್ಕ ಬೇಡ. ಯಾವ ಸಾಲಿನ ಶೆಡ್ಡುಗಳು ಯಾರ ಪಟ್ಟಿಯಲ್ಲೂ ಇಲ್ಲ, ಎಷ್ಟು ಗಂಟೆಗೆ ಹೋದರೆ ಹೆಂಗಸರು ಸಿಗುತ್ತಾರೆ, ಜಾಗ ಬಿಡುವ ವಾರದಲ್ಲಿ ಕಾರ್ಡಿನ ಮೇಲೆ ಮುಂದಿನ ಕೇಂದ್ರದ ಹೆಸರು ಮತ್ತು ಫೋನ್ ನಂಬರು ಬರೆದುಕೊಡಲು ಯಾರಿಗೆ ಹೇಳಬೇಕು, ಇಷ್ಟಿದ್ದರೆ ಸಾಕು. ಮಾತಾಡಿಸಿದ ಹೆಂಗಸರಿಗೂ ತಿಳಿಸಬೇಕು. ಅವರು ಆಗಲೇ ಜಾಗ ಬದಲಿಸಿರುತ್ತಾರೆ, ಹಾಗಾಗಿ ಊರಿನ ಆ ಎರಡನೇ ನಂಬರಿಗೆ ಕರೆ ಮಾಡಿ.